ಶಿಶುವಿಹಾರದ ಶಿಕ್ಷಕರ ಹಿನ್ನೆಲೆ, ತರಬೇತಿ ಮತ್ತು ಆಸಕ್ತಿಗಳು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವನ್ನು ಮೊದಲ ಬಾರಿಗೆ ಮನೆಯ ಹೊರಗಿನವರ ಕೈಗೆ ಒಪ್ಪಿಸುವ ಪೋಷಕರು ಕಟ್ಟಡ, ಆಟದ ಅಂಗಳ, ಶುಲ್ಕ, ವೇಳಾಪಟ್ಟಿ ಎಲ್ಲವನ್ನೂ ವಿವರವಾಗಿ ವಿಚಾರಿಸುತ್ತಾರೆ. ಆದರೆ ಮಗುವಿನ ಜೊತೆ ಗಂಟೆಗಟ್ಟಲೆ ಕಳೆಯುವವರು ಯಾರು, ಅವರು ಎಲ್ಲಿಂದ ಬಂದವರು, ಅವರ ಮನಸ್ಸು ಯಾವುದರಲ್ಲಿ ನೆಟ್ಟಿದೆ ಎಂಬುದನ್ನು ಕೇಳಲು ಹಲವರು ಹಿಂಜರಿಯುತ್ತಾರೆ. ಆ ಹಿಂಜರಿಕೆ ದೂರವಾಗಲಿ ಎಂಬ ಉದ್ದೇಶದಿಂದ ಈ ಉತ್ತರಗಳನ್ನು ಬರೆಯಲಾಗಿದೆ.

ಶಿಕ್ಷಕರ ಓದು, ಅನುಭವ, ಆಸಕ್ತಿಗಳನ್ನು ವಿಚಾರಿಸಿದರೆ ಅವರ ಮೇಲೆ ಅಪನಂಬಿಕೆ ತೋರಿದಂತೆ ಆಗುವುದಿಲ್ಲವೇ?

ಆಗುವುದಿಲ್ಲ. ದೊಡ್ಡ ತರಗತಿಗಳಲ್ಲಿ ಪಠ್ಯಪುಸ್ತಕವಿದೆ, ಪರೀಕ್ಷೆಯಿದೆ, ವಿಷಯಕ್ಕೊಬ್ಬರಂತೆ ಶಿಕ್ಷಕರಿದ್ದಾರೆ. ಒಬ್ಬರಲ್ಲಿ ಕೊರತೆಯಿದ್ದರೆ ಇನ್ನೊಬ್ಬರು ತುಂಬಿಕೊಡಬಹುದು. ಮೂರು ವರ್ಷದ ಮಗುವಿಗೆ ಇದ್ಯಾವುದೂ ಇಲ್ಲ. ಅದರ ಪಾಲಿಗೆ ಶಿಕ್ಷಕಿಯ ಮಾತು, ಮುಖಭಾವ, ಅವರು ಬೆರಳು ಮಾಡಿ ತೋರಿಸುವ ವಸ್ತು, ಬಿದ್ದಾಗ ಎತ್ತಿಕೊಳ್ಳುವ ರೀತಿ ಇವೇ ಪಾಠ. ಆದ್ದರಿಂದ ಶಿಕ್ಷಕರ ಬಗ್ಗೆ ಕೇಳುವುದೆಂದರೆ ಪಠ್ಯಕ್ರಮದ ಬಗ್ಗೆಯೇ ಕೇಳಿದಂತೆ. ತಮ್ಮ ಕೆಲಸವನ್ನು ಪ್ರೀತಿಸುವ ಶಿಕ್ಷಕರಿಗೆ ಈ ಪ್ರಶ್ನೆಯಿಂದ ಸಂತೋಷವೇ ಆಗುತ್ತದೆ, ಏಕೆಂದರೆ ಅವರನ್ನು ಹೀಗೆ ಕೇಳುವವರು ಕಡಿಮೆ.

ಚಿಕ್ಕ ಮಕ್ಕಳಿಗೆ ಕಲಿಸುವವರು ಏನು ಓದಿರಬೇಕು?

ಕಡ್ಡಾಯ ಅರ್ಹತೆ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಕೆಲವೆಡೆ ವಿಶ್ವವಿದ್ಯಾಲಯದ ಪದವಿ ಬೇಕು, ಕೆಲವೆಡೆ ಒಂದೆರಡು ವರ್ಷದ ಡಿಪ್ಲೊಮಾ ಸಾಕು, ಇನ್ನು ಕೆಲವೆಡೆ ಖಾಸಗಿ ಕೇಂದ್ರಗಳ ಮೇಲೆ ಸ್ಪಷ್ಟವಾದ ನಿಯಮವೇ ಇಲ್ಲ. ಹೀಗಿರುವಾಗ ಪ್ರಮಾಣಪತ್ರದ ಹೆಸರಿಗಿಂತ ಆ ತರಬೇತಿಯಲ್ಲಿ ಏನಿತ್ತು ಎಂಬುದನ್ನು ವಿಚಾರಿಸುವುದು ಹೆಚ್ಚು ಉಪಯುಕ್ತ.

ಮೊದಲನೆಯದಾಗಿ ಅದರಲ್ಲಿ ಶಿಶು ವಿಕಾಸದ ಅಧ್ಯಯನ ಇರಲೇಬೇಕು. ಎರಡೂವರೆ ವರ್ಷದ ಮಗು ಪಕ್ಕದ ಮಗುವನ್ನು ಕಚ್ಚಿದಾಗ ಅದನ್ನು ಕೆಟ್ಟ ಬುದ್ಧಿ ಎಂದು ನೋಡುವುದೋ, ಹೇಳಬೇಕಾದ ಮಾತು ಇನ್ನೂ ನಾಲಿಗೆಗೆ ಬಾರದ ವಯಸ್ಸಿನ ಸಿಟ್ಟು ಎಂದು ನೋಡುವುದೋ ಎಂಬುದು ಈ ಅಧ್ಯಯನವನ್ನು ಅವಲಂಬಿಸಿದೆ. ಇಬ್ಬರು ಮಕ್ಕಳು ಅಕ್ಕಪಕ್ಕ ಕುಳಿತು, ಒಬ್ಬರೊಡನೊಬ್ಬರು ಮಾತಾಡದೆ, ತಮ್ಮ ತಮ್ಮ ಪಾಡಿಗೆ ಒಂದೇ ಬಗೆಯ ಆಟವಾಡುತ್ತಿದ್ದರೆ ತರಬೇತಿ ಪಡೆದವರು ಗಾಬರಿಯಾಗುವುದಿಲ್ಲ. ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಮಕ್ಕಳ ಆಟದ ಬಗೆಗಳನ್ನು ವಿಂಗಡಿಸಿದಾಗ ಇದನ್ನು ಸಮಾನಾಂತರ ಆಟ ಎಂದು ಗುರುತಿಸಿದ್ದರು. ಕೂಡಿ ಆಡುವುದಕ್ಕೆ ಮುನ್ನ ಸಾಮಾನ್ಯವಾಗಿ ಕಾಣುವ ವರ್ತನೆಯಿದು.

ಎರಡನೆಯದು, ಅನುಭವಿ ಶಿಕ್ಷಕರೊಬ್ಬರ ಮಾರ್ಗದರ್ಶನದಲ್ಲಿ ನಿಜವಾದ ತರಗತಿಯಲ್ಲಿ ಕಳೆದ ಸಮಯ. ಒಟ್ಟಿಗೆ ನಾಲ್ವರು ಮಕ್ಕಳು ಅಳತೊಡಗಿದಾಗ ಯಾರ ಬಳಿ ಮೊದಲು ಹೋಗಬೇಕು ಎಂಬುದನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಕಲಿಸಲಾರದು. ಮಗುವನ್ನು ಗಮನಿಸಿ, ಕಂಡದ್ದನ್ನು ಕಂಡಂತೆಯೇ ಬರೆದಿಡುವ ಅಭ್ಯಾಸ ಕೂಡ ಇಲ್ಲೇ ಬೆಳೆಯುತ್ತದೆ. ಪ್ರಥಮ ಚಿಕಿತ್ಸೆ, ಅದರಲ್ಲೂ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದಾಗ ಏನು ಮಾಡಬೇಕೆಂಬ ತರಬೇತಿಯನ್ನು ಪ್ರತಿಯೊಬ್ಬರೂ ಪಡೆದಿರಬೇಕು. ಒಮ್ಮೆ ಪಡೆದು ಮರೆಯುವುದಲ್ಲ, ನಿಗದಿತ ಅವಧಿಗೆ ಮತ್ತೆ ಮತ್ತೆ ಪಡೆಯುತ್ತಿರಬೇಕು.

ಪದವಿ ದೊಡ್ಡದಾದಷ್ಟೂ ಶಿಕ್ಷಕರು ಉತ್ತಮರಾಗಿರುತ್ತಾರೆಯೇ?

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ನ್ಯಾಯವಲ್ಲ. ಅರ್ಹ ಶಿಕ್ಷಕರಿಂದ ಏನು ಸಾಧ್ಯ ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಪ್ರಿಸ್ಕೂಲ್ ಯೋಜನೆಯನ್ನು ಸಾಮಾನ್ಯವಾಗಿ ಉದಾಹರಿಸಲಾಗುತ್ತದೆ. ಬಡತನದಲ್ಲಿದ್ದ 123 ಮಕ್ಕಳಲ್ಲಿ 58 ಮಕ್ಕಳಿಗೆ ತರಬೇತಾದ ಶಿಕ್ಷಕರಿಂದ ಶಾಲಾಪೂರ್ವ ಶಿಕ್ಷಣ ದೊರೆಯಿತು, ಉಳಿದವರಿಗೆ ದೊರೆಯಲಿಲ್ಲ. ಆ ಮಕ್ಕಳು ನಲವತ್ತು ವರ್ಷ ತಲುಪಿದಾಗಲೂ ಎರಡು ಗುಂಪುಗಳ ಓದು, ಗಳಿಕೆ ಮತ್ತು ಕಾನೂನಿನೊಡನೆ ಬಂದ ತೊಡಕುಗಳಲ್ಲಿ ವ್ಯತ್ಯಾಸ ಕಂಡುಬಂದಿತು. ಆದರೆ ಅಲ್ಲಿ ಒಬ್ಬೊಬ್ಬ ಶಿಕ್ಷಕರ ಪಾಲಿಗೆ ಬಂದದ್ದು ಐದಾರು ಮಕ್ಕಳು ಮಾತ್ರ, ಮತ್ತು ಶಿಕ್ಷಕರು ವಾರಕ್ಕೊಮ್ಮೆ ಮಕ್ಕಳ ಮನೆಗೇ ಹೋಗಿ ತಾಯಂದಿರೊಡನೆ ಕೂರುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ. ಫಲ ಬಂದದ್ದು ಪದವಿಯೊಂದರಿಂದಲೇ ಎಂದು ಹೇಳಲು ಬರುವುದಿಲ್ಲ.

ಇನ್ನೊಂದು ಕಡೆ, ಏಳು ದೊಡ್ಡ ಅಧ್ಯಯನಗಳ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಶಿಕ್ಷಕರ ಪದವಿಯ ಮಟ್ಟಕ್ಕೂ ತರಗತಿಯ ಗುಣಮಟ್ಟ ಹಾಗೂ ಮಕ್ಕಳ ಕಲಿಕೆಗೂ ನಡುವೆ ಸ್ಥಿರವಾದ ಸಂಬಂಧ ಕಾಣಲಿಲ್ಲ. ಇದರಿಂದ ಓದು ಬೇಡವೆಂದು ಅರ್ಥ ಮಾಡಿಕೊಳ್ಳಬಾರದು. ಬೇರೆ ವಿಷಯದಲ್ಲಿ ಪಡೆದ ಸ್ನಾತಕೋತ್ತರ ಪದವಿಗಿಂತ ಚಿಕ್ಕ ಮಕ್ಕಳ ಬಗ್ಗೆಯೇ ಪಡೆದ ತರಬೇತಿ, ಕೆಲಸದಲ್ಲಿರುವಾಗ ಸಿಗುವ ಮಾರ್ಗದರ್ಶನ, ತರಗತಿಯಲ್ಲಿರುವ ಮಕ್ಕಳ ಸಂಖ್ಯೆ ಇವು ಹೆಚ್ಚು ತೂಗುತ್ತವೆ ಎಂಬುದು ನಮ್ಮ ಅಭಿಪ್ರಾಯ. ಇಪ್ಪತ್ತೈದು ಮಕ್ಕಳ ನಡುವೆ ಒಬ್ಬರನ್ನೇ ನಿಲ್ಲಿಸಿದರೆ ಅತ್ಯಂತ ಅರ್ಹ ಶಿಕ್ಷಕಿ ಕೂಡ ಕಾವಲುಗಾರ್ತಿಯಾಗಿ ಉಳಿಯಬೇಕಾಗುತ್ತದೆ.

ನಮ್ಮ ಮಗುವಿನ ಶಿಕ್ಷಕಿ ಮೊದಲು ಬೇರೆ ವೃತ್ತಿಯಲ್ಲಿದ್ದವರು. ಇದು ಚಿಂತೆಯ ವಿಷಯವೇ?

ಶಾಲಾಪೂರ್ವ ಶಿಕ್ಷಣವನ್ನು ಕಟ್ಟಿದವರಲ್ಲಿ ಹಲವರು ಬೇರೆ ದಾರಿಯಿಂದಲೇ ಬಂದವರು. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆ ಆರಂಭಿಸಿ, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್ ಹದಿಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬರ ಕೈಕೆಳಗೆ ಕೆಲಸ ಕಲಿತಿದ್ದರು. ಮುಂದೆ ಬರ್ಲಿನ್‌ನಲ್ಲಿ ಸ್ಫಟಿಕಗಳ ಅಧ್ಯಯನ ಮಾಡಿ ಖನಿಜ ಸಂಗ್ರಹಾಲಯದಲ್ಲಿ ಸಹಾಯಕರಾಗಿದ್ದರು. ಮಕ್ಕಳ ಕೈಗೆ ಅವರು ಕೊಟ್ಟ ಚೆಂಡು, ಘನ, ಸಿಲಿಂಡರ್ ಮತ್ತು ಬಿಡಿಸಿ ಜೋಡಿಸುವ ಮರದ ತುಂಡುಗಳಲ್ಲಿ ಆ ಸ್ಫಟಿಕಗಳ ಜ್ಯಾಮಿತಿಯನ್ನು ಕಾಣಬಹುದು.

ಮರಿಯಾ ಮಾಂಟೆಸ್ಸರಿ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ವೈದ್ಯೆ. ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳೊಡನೆ ಕೆಲಸ ಮಾಡುತ್ತಾ, ವೈದ್ಯರ ಕಣ್ಣಿನಿಂದ ಅವರನ್ನು ಗಮನಿಸುತ್ತಾ, ಇಟಾರ್ಡ್ ಮತ್ತು ಸೆಗ್ವಾನ್ ಎಂಬ ಫ್ರೆಂಚ್ ವೈದ್ಯರ ಬರಹಗಳನ್ನು ಆಳವಾಗಿ ಓದಿಕೊಂಡ ಬಳಿಕವೇ ಅವರು 1907ರಲ್ಲಿ ರೋಮ್‌ನ ಸಾನ್ ಲೊರೆಂಜೊ ಬಡಾವಣೆಯಲ್ಲಿ ‘ಮಕ್ಕಳ ಮನೆ’ ಎಂಬ ತಮ್ಮ ಮೊದಲ ಶಿಶುಶಾಲೆಯನ್ನು ತೆರೆದದ್ದು. ಮಗುವಿಗೆ ಕಲಿಸುವುದಕ್ಕೆ ಮೊದಲು ಅದನ್ನು ತಾಳ್ಮೆಯಿಂದ ನೋಡಬೇಕು ಎಂಬ ಅವರ ಒತ್ತಾಸೆ ಆ ಹಿನ್ನೆಲೆಯ ಫಲ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವೆಂಬ ಶಿಶುಶಾಲೆಯನ್ನು ಸ್ಥಾಪಿಸಿದ ಗಿಜುಭಾಯಿ ಬಧೇಕಾ ವಕೀಲರಾಗಿದ್ದರು. ತಮ್ಮ ಮಗನ ವಿದ್ಯಾಭ್ಯಾಸದ ಬಗ್ಗೆ ಯೋಚಿಸತೊಡಗಿದ್ದು ಅವರನ್ನು ಈ ಕ್ಷೇತ್ರಕ್ಕೆ ಎಳೆದುತಂದಿತು.

ಆದ್ದರಿಂದ ಹಿಂದಿನ ವೃತ್ತಿ ಅಡ್ಡಿಯಲ್ಲ. ದಾದಿಯಾಗಿದ್ದವರು ಮಗುವಿನ ಮುಖ ಬಾಡಿದ್ದನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಾರೆ. ರಂಗಭೂಮಿಯಿಂದ ಬಂದವರ ದನಿಯಲ್ಲಿ ಒಂದೇ ಕಥೆ ಹತ್ತು ಬಗೆಯಲ್ಲಿ ಹೊರಡುತ್ತದೆ. ಆದರೆ ಒಂದು ಷರತ್ತಿದೆ. ಫ್ರೋಬೆಲ್ ಆಗಲಿ ಮಾಂಟೆಸ್ಸರಿ ಆಗಲಿ ಹಳೆಯ ವಿದ್ಯೆಯನ್ನೇ ನೆಚ್ಚಿ ಕೂರಲಿಲ್ಲ, ಮಕ್ಕಳ ಬಗ್ಗೆ ಹೊಸದಾಗಿ ಕಲಿತರು. ನಿಮ್ಮ ಮಗುವಿನ ಶಿಕ್ಷಕಿಯೂ ವೃತ್ತಿ ಬದಲಿಸಿದ ಮೇಲೆ ತರಬೇತಿ ಪಡೆದಿದ್ದಾರೆಯೇ ಎಂದು ಕೇಳಿ.

ಶಿಕ್ಷಕರ ಹವ್ಯಾಸಗಳಿಂದ ಮಕ್ಕಳಿಗೆ ನಿಜವಾಗಿ ಏನಾದರೂ ಪ್ರಯೋಜನವಿದೆಯೇ?

ಇದೆ, ಮತ್ತು ಸಂಸ್ಥೆ ಪೋಷಕರಿಗೆ ಕೊಡುವ ಶಿಕ್ಷಕರ ಪರಿಚಯ ಪತ್ರದ ಕೊನೆಯ ಸಾಲಿನಲ್ಲಿ ಬರುವ ಈ ವಿವರಕ್ಕೆ ನಾವು ಬಹಳ ಬೆಲೆ ಕೊಡುತ್ತೇವೆ. ಚಿಕ್ಕ ಮಗು ವಸ್ತುವನ್ನು ನೋಡುವ ಮೊದಲು ಆ ವಸ್ತುವನ್ನು ನೋಡುತ್ತಿರುವವರ ಮುಖ ನೋಡುತ್ತದೆ. ಎರೆಹುಳು ಕಂಡಾಗ ಶಿಕ್ಷಕಿಯ ಮುಖದಲ್ಲಿ ಅಸಹ್ಯ ಮೂಡಿದರೆ ಮಗು ಅಸಹ್ಯವನ್ನು ಕಲಿಯುತ್ತದೆ, ಕುತೂಹಲ ಮೂಡಿದರೆ ಕುತೂಹಲವನ್ನು. ಈ ಕುತೂಹಲವನ್ನು ನಟಿಸುವುದು ಕಷ್ಟ. ಆದ್ದರಿಂದ ನಿಜವಾದ ಆಸಕ್ತಿಯಿರುವ ಹಿರಿಯರೊಬ್ಬರು ಕೋಣೆಯಲ್ಲಿರುವುದೇ ಮಕ್ಕಳಿಗೆ ದೊಡ್ಡ ಸಂಪತ್ತು.

ಹಾಡುಗಾರಿಕೆಯಲ್ಲಿ ಒಲವಿರುವ ಶಿಕ್ಷಕರನ್ನು ತೆಗೆದುಕೊಳ್ಳಿ. ಪ್ರಾಸವುಳ್ಳ ಪದ್ಯಗಳನ್ನು ತಾಳ ತಟ್ಟುತ್ತಾ ಹೇಳುವಾಗ ಮಗುವಿನ ಕಿವಿ ಪದಗಳನ್ನು ತುಂಡು ತುಂಡಾಗಿ ಕೇಳಿಸಿಕೊಳ್ಳುವುದನ್ನು ಕಲಿಯುತ್ತದೆ. ಶಬ್ದಗಳ ಈ ಅರಿವು ಮುಂದೆ ಓದು ಕಲಿಯುವುದಕ್ಕೆ ಬುನಾದಿಯಾಗುತ್ತದೆ. ಪುಸ್ತಕ ಪ್ರೀತಿಸುವ ಶಿಕ್ಷಕರು ಕಥೆಯನ್ನು ಒಂದೇ ಉಸಿರಿಗೆ ಓದಿ ಮುಗಿಸುವುದಿಲ್ಲ. ಚಿತ್ರದ ಬಳಿ ನಿಲ್ಲುತ್ತಾರೆ, ಮುಂದೇನಾಗಬಹುದು ಎಂದು ಕೇಳುತ್ತಾರೆ, ಮಗು ಹೇಳಿದ ಅರ್ಧ ವಾಕ್ಯವನ್ನು ಪೂರ್ಣ ವಾಕ್ಯವಾಗಿಸಿ ಮರಳಿ ಹೇಳುತ್ತಾರೆ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಸಂವಾದದ ಮೂಲಕ ಓದಿಸಿಕೊಂಡ ಮಕ್ಕಳ ಮಾತು, ಸುಮ್ಮನೆ ಕೇಳಿಸಿಕೊಂಡ ಮಕ್ಕಳ ಮಾತಿಗಿಂತ ಮುಂದಿತ್ತು. ಅಲ್ಲಿ ಓದಿ ಹೇಳಿದವರು ತಾಯ್ತಂದೆಯರು, ಆದರೆ ಅದೇ ಕ್ರಮವನ್ನು ಈಗ ಅನೇಕ ಶಿಶುವಿಹಾರಗಳಲ್ಲಿ ಬಳಸುತ್ತಾರೆ.

ತೋಟಗಾರಿಕೆಯ ಹವ್ಯಾಸವಿರುವವರಿಂದ ಮಕ್ಕಳಿಗೆ ಕಾಯುವುದು ಎಂದರೇನೆಂದು ತಿಳಿಯುತ್ತದೆ. ಬಿತ್ತಿದ ಬೀಜ ಮಾರನೆಯ ದಿನ ಮೊಳೆಯುವುದಿಲ್ಲ. ದಿನವೂ ಹೋಗಿ ನೋಡಬೇಕು, ಅಳೆಯಬೇಕು, ನೀರು ಹೆಚ್ಚಾದರೆ ಏನಾಗುತ್ತದೆಂದು ಕಾಣಬೇಕು. ಮಣ್ಣಿನ ಕೆಲಸ, ಹೊಲಿಗೆ, ಮರಗೆಲಸ ಬಲ್ಲವರು ಮಕ್ಕಳ ಬೆರಳುಗಳಿಗೆ ಬಲ ಬರುವಂಥ ಕೆಲಸಗಳನ್ನು ಸಹಜವಾಗಿಯೇ ಯೋಚಿಸುತ್ತಾರೆ, ಮತ್ತು ಪೆನ್ಸಿಲ್ ಹಿಡಿಯುವ ಮುನ್ನ ಬೆರಳುಗಳಿಗೆ ಆ ಬಲ ಬೇಕು. ಇಟಲಿಯ ರೆಜ್ಜೊ ಎಮಿಲಿಯಾ ನಗರದ ಶಿಶುಶಾಲೆಗಳು ಈ ವಿಷಯವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿವೆಯೆಂದರೆ, ಲೋರಿಸ್ ಮಲಗುಜ್ಜಿ ಅವರ ಮಾರ್ಗದರ್ಶನದಲ್ಲಿ ಬೆಳೆದ ಆ ಶಾಲೆಗಳಲ್ಲಿ ಕಲಾ ಹಿನ್ನೆಲೆಯವರೊಬ್ಬರು ಶಿಕ್ಷಕರ ಜೊತೆಗೇ ಕೆಲಸ ಮಾಡುತ್ತಾರೆ, ಅವರಿಗೆಂದೇ ಒಂದು ಕಾರ್ಯಾಗಾರವೂ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಶಿಕ್ಷಕರ ಆಸಕ್ತಿ ಮಗುವಿನ ಆಸಕ್ತಿಯನ್ನು ನುಂಗಬಾರದು. ಗೋಡೆಯ ಮೇಲೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇಪ್ಪತ್ತು ಚಿಟ್ಟೆಗಳು ಅಂಟಿಕೊಂಡಿದ್ದರೆ ಅದು ಕಲೆಯಲ್ಲಿ ನುರಿತ ಶಿಕ್ಷಕರ ಕೆಲಸ, ಮಕ್ಕಳದ್ದಲ್ಲ. ವಕ್ರವಾದ, ಮೂರೇ ರೆಕ್ಕೆಯ, ಚಿಟ್ಟೆಯೆಂದು ಗುರುತೇ ಸಿಗದ ಚಿತ್ರಗಳಿರುವ ಗೋಡೆಯನ್ನು ಕಂಡರೆ ನಮಗೆ ಹೆಚ್ಚು ನೆಮ್ಮದಿ.

ನಮ್ಮ ಶಿಕ್ಷಕಿಗೆ ಹೇಳಿಕೊಳ್ಳುವಂಥ ಹವ್ಯಾಸವೇನೂ ಇಲ್ಲ. ಅವರು ಬಹಳ ಮೌನಿ.

ಅದು ಕೊರತೆಯಲ್ಲ. ಗದ್ದಲಕ್ಕೆ ಹೆದರುವ ಮಗು ಹಲವು ಬಾರಿ ಅಂಥವರ ಪಕ್ಕದಲ್ಲೇ ಮೊದಲ ಮಾತಾಡುತ್ತದೆ. ಮಕ್ಕಳನ್ನು ಗಮನಿಸುವುದೇ ಒಬ್ಬರ ಆಳವಾದ ಆಸಕ್ತಿಯಾಗಿರಬಹುದು, ಮತ್ತು ಅದನ್ನು ಪರಿಚಯ ಪತ್ರದಲ್ಲಿ ಹವ್ಯಾಸವೆಂದು ಯಾರೂ ಬರೆಯುವುದಿಲ್ಲ.

ಎಷ್ಟು ವರ್ಷಗಳ ಅನುಭವ ಇರಬೇಕು?

ಒಟ್ಟು ವರ್ಷಗಳನ್ನು ಕೇಳುವುದಕ್ಕಿಂತ ಈಗಿರುವ ಸಂಸ್ಥೆಯಲ್ಲಿ ಅವರು ಎಷ್ಟು ಕಾಲದಿಂದ ಇದ್ದಾರೆ ಎಂದು ಕೇಳಿ. ಚಿಕ್ಕ ಮಗು ಹೊಸ ಜಾಗದಲ್ಲಿ ಧೈರ್ಯವಾಗಿ ಓಡಾಡಲು ಹಿಂತಿರುಗಿ ನೋಡಿದಾಗ ಕಾಣುವ ಒಂದು ಪರಿಚಿತ ಮುಖ ಬೇಕು. ಸಂಶೋಧಕರಾದ ಜಾನ್ ಬೌಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ತಾಯಿ–ಮಗುವಿನ ಬಾಂಧವ್ಯದ ಬಗ್ಗೆ ಹೇಳಿದ ಈ ಸಂಗತಿ ಶಿಕ್ಷಕರ ವಿಷಯದಲ್ಲೂ ಬಹುಮಟ್ಟಿಗೆ ನಿಜ. ವರ್ಷಕ್ಕೆ ಎರಡು ಮೂರು ಬಾರಿ ಶಿಕ್ಷಕರು ಬದಲಾಗುವ ಕೇಂದ್ರದಲ್ಲಿ ಎಲ್ಲರೂ ಅನುಭವಿಗಳೇ ಆಗಿದ್ದರೂ ಮಗುವಿಗೆ ಆ ಆಸರೆ ಸಿಗುವುದಿಲ್ಲ. ಶಿಕ್ಷಕರು ಬಿಟ್ಟು ಹೋಗುವುದಕ್ಕೆ ಬಹಳಷ್ಟು ಸಲ ಕಡಿಮೆ ಸಂಬಳ ಮತ್ತು ಬಿಡುವಿಲ್ಲದ ದುಡಿಮೆ ಕಾರಣವಾಗಿರುತ್ತದೆಯೇ ಹೊರತು ಮಕ್ಕಳ ಮೇಲಿನ ಪ್ರೀತಿ ಕಡಿಮೆಯಾಗಿರುವುದಲ್ಲ. ಸಂಸ್ಥೆ ತನ್ನ ಶಿಕ್ಷಕರನ್ನು ಹೇಗೆ ನೋಡಿಕೊಳ್ಳುತ್ತದೆ ಎಂಬುದು ಹೀಗಾಗಿ ಪೋಷಕರಿಗೂ ಸಂಬಂಧಪಟ್ಟ ವಿಷಯ.

ಹೊಸದಾಗಿ ಸೇರಿದವರ ಬಗ್ಗೆ ಅನುಮಾನ ಬೇಡ. ಅವರ ಪಕ್ಕದಲ್ಲಿ ಅನುಭವಿಯೊಬ್ಬರಿದ್ದು, ಕೇಳಲು, ತಿದ್ದಿಕೊಳ್ಳಲು ಅವಕಾಶವಿದ್ದರೆ ಸಾಕು.

ಸ್ವಂತ ಮಕ್ಕಳಿರುವವರೇ ಒಳ್ಳೆಯ ಶಿಕ್ಷಕರಾಗುತ್ತಾರೆ ಎನ್ನುವುದು ನಿಜವೇ?

ನಿಜವಲ್ಲ. ಒಂದೆರಡು ಮಕ್ಕಳನ್ನು ಮನೆಯಲ್ಲಿ ಬೆಳೆಸುವುದೂ ಒಂದೇ ವಯಸ್ಸಿನ ಹದಿನೈದು ಮಕ್ಕಳ ಗುಂಪನ್ನು ನಡೆಸುವುದೂ ಬೇರೆ ಬೇರೆ ಕೆಲಸ. ತಾಯ್ತನ ಕೆಲವರಿಗೆ ತಾಳ್ಮೆ ಕೊಟ್ಟಿರಬಹುದು. ಆದರೆ ಅದನ್ನು ಅರ್ಹತೆಯಾಗಿ ಕೇಳುವುದು ಸರಿಯಲ್ಲ, ಕೇಳಿದರೆ ಅನೇಕರಿಗೆ ನೋವಾಗುತ್ತದೆ.

ಪುರುಷರು ಚಿಕ್ಕ ಮಕ್ಕಳಿಗೆ ಕಲಿಸಬಹುದೇ?

ಖಂಡಿತವಾಗಿ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಓಇಸಿಡಿ) ಸದಸ್ಯ ರಾಷ್ಟ್ರಗಳಲ್ಲಿ ಶಾಲಾಪೂರ್ವ ಶಿಕ್ಷಕರ ಪೈಕಿ ಪುರುಷರು ಸರಾಸರಿ ಶೇಕಡ 5ಕ್ಕಿಂತಲೂ ಕಡಿಮೆ. ಇದು ಸಾಮರ್ಥ್ಯದ ಪ್ರಶ್ನೆಯಲ್ಲ. ಸಂಬಳ, ಸಾಮಾಜಿಕ ಅಭಿಪ್ರಾಯ ಮತ್ತು ಸಂಶಯದ ನೋಟ ಇದರ ಹಿಂದಿವೆ. ಆರೈಕೆ ಮಾಡುವುದು, ಮೃದುವಾಗಿ ಮಾತಾಡುವುದು ಪುರುಷರ ಕೆಲಸವೂ ಹೌದೆಂದು ಗಂಡು ಹೆಣ್ಣು ಎಲ್ಲ ಮಕ್ಕಳೂ ಕಣ್ಣಾರೆ ಕಾಣುವುದು ಒಳ್ಳೆಯದು. ಸುರಕ್ಷತೆಯ ನಿಯಮಗಳು ಶಿಕ್ಷಕಿಯರಿಗೂ ಶಿಕ್ಷಕರಿಗೂ ಸಮಾನವಾಗಿ ಅನ್ವಯಿಸಬೇಕು.

ಶಿಕ್ಷಕಿಯ ಮಾತೃಭಾಷೆ ನಮ್ಮ ಮನೆಮಾತಿಗಿಂತ ಬೇರೆ. ಮಗುವಿಗೆ ಗೊಂದಲವಾಗುವುದೇ?

ಎರಡು ಭಾಷೆಗಳನ್ನು ಕೇಳುತ್ತಾ ಬೆಳೆಯುವುದರಿಂದ ಮಗುವಿನ ಮಾತು ಹಾಳಾಗುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡೂ ಭಾಷೆಯ ಪದಗಳು ಬೆರೆಯುವುದು ಈ ವಯಸ್ಸಿನಲ್ಲಿ ಸಹಜ. ಆದರೆ ಮೊದಲ ಕೆಲವು ವಾರಗಳಲ್ಲಿ ಹಸಿವು, ನೋವು, ಶೌಚ, ಅಮ್ಮ ಯಾವಾಗ ಬರುತ್ತಾಳೆ ಎಂಬಿಷ್ಟನ್ನು ಮಗು ತನ್ನ ಮಾತಿನಲ್ಲೇ ಹೇಳಿದಾಗ ಅರ್ಥ ಮಾಡಿಕೊಳ್ಳುವವರೊಬ್ಬರು ಅಲ್ಲಿರಬೇಕು. ಶಿಕ್ಷಕಿಗೆ ಆ ಭಾಷೆ ಬಾರದಿದ್ದರೆ ಇಂಥ ಕೆಲವು ಪದಗಳನ್ನು ಬರೆದುಕೊಡಿ. ಮನೆಮಾತನ್ನು ಬಿಟ್ಟುಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ.

ಮಾಂಟೆಸ್ಸರಿ ತರಬೇತಿ ಪಡೆದವರು ಎಂದು ಬರೆದಿದ್ದರೆ ಸಾಕೇ?

ಮಾಂಟೆಸ್ಸರಿ ಎಂಬ ಹೆಸರನ್ನು ಬಳಸಲು ಬಹುತೇಕ ಕಡೆ ಯಾರ ಅನುಮತಿಯೂ ಬೇಕಿಲ್ಲ. ಆದ್ದರಿಂದ ತರಬೇತಿ ಕೊಟ್ಟ ಸಂಸ್ಥೆ ಯಾವುದು, ಎಷ್ಟು ತಿಂಗಳ ತರಬೇತಿ, ಯಾವ ವಯಸ್ಸಿನ ಮಕ್ಕಳಿಗಾಗಿ ಎಂದು ಕೇಳಬೇಕು. ಮರಿಯಾ ಮಾಂಟೆಸ್ಸರಿ ಅವರೇ 1929ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘವು ಹುಟ್ಟಿನಿಂದ ಮೂರು, ಮೂರರಿಂದ ಆರು, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಬೇರೆ ಬೇರೆ ಡಿಪ್ಲೊಮಾ ನೀಡುತ್ತದೆ. ವಾರಾಂತ್ಯದ ಕಾರ್ಯಾಗಾರವೂ ವರ್ಷವಿಡೀ ನಡೆಯುವ ತರಬೇತಿಯೂ ಪರಿಚಯ ಪತ್ರದಲ್ಲಿ ಒಂದೇ ಸಾಲಾಗಿ ಕಾಣಬಹುದು.

ಸಹಾಯಕಿಯರ ಮತ್ತು ಆಯಾಗಳ ಹಿನ್ನೆಲೆಯನ್ನೂ ಕೇಳಬೇಕೇ?

ಕೇಳಲೇಬೇಕು. ಮಗುವಿನ ಬಟ್ಟೆ ಬದಲಿಸುವವರು, ಊಟ ಮಾಡಿಸುವವರು, ಮಲಗಿಸುವವರು, ಬಾಗಿಲಲ್ಲಿ ಅಳುವ ಮಗುವನ್ನು ಎತ್ತಿಕೊಳ್ಳುವವರು ಹೆಚ್ಚಾಗಿ ಇವರೇ. ಮಗುವಿನ ಲೆಕ್ಕದಲ್ಲಿ ಇವರೂ ಶಿಕ್ಷಕರು. ಹೀಗಿದ್ದರೂ ಅನೇಕ ಸಂಸ್ಥೆಗಳ ಪರಿಚಯ ಪುಟದಲ್ಲಿ ಇವರ ಹೆಸರೇ ಇರುವುದಿಲ್ಲ, ತರಬೇತಿಗೂ ಇವರನ್ನು ಕರೆಯುವುದಿಲ್ಲ. ಇದನ್ನು ನಾವು ದೊಡ್ಡ ತಪ್ಪೆಂದು ಭಾವಿಸುತ್ತೇವೆ. ಊಟ ಬೇಡವೆನ್ನುವ ಮಗುವಿಗೆ ಬಲವಂತ ಮಾಡಬಾರದೆಂದು ಶಿಕ್ಷಕಿಗೆ ಕಲಿಸಿ, ತುತ್ತು ಕೊಡುವವರಿಗೆ ಹೇಳದಿದ್ದರೆ ಆ ಕಲಿಕೆ ಮಗುವಿನವರೆಗೆ ತಲುಪುವುದಿಲ್ಲ.

ಸಿಬ್ಬಂದಿಯ ಪೂರ್ವಾಪರ ಪರಿಶೀಲನೆಯ ಬಗ್ಗೆ ಏನು ಕೇಳಬಹುದು?

ನೇಮಕಕ್ಕೆ ಮುನ್ನ ಗುರುತಿನ ದಾಖಲೆ, ಹಿಂದಿನ ಉದ್ಯೋಗದಾತರ ಅಭಿಪ್ರಾಯ ಮತ್ತು ಪೊಲೀಸ್ ಪರಿಶೀಲನೆ ನಡೆದಿದೆಯೇ, ವಾಹನ ಚಾಲಕರು ಮತ್ತು ಗುತ್ತಿಗೆ ನೌಕರರಿಗೂ ಅದು ಅನ್ವಯಿಸಿದೆಯೇ ಎಂದು ನೇರವಾಗಿ ಕೇಳಿ. ದಾಖಲೆಗಳನ್ನು ನಿಮಗೆ ತೋರಿಸಬೇಕೆಂದಿಲ್ಲ, ಆದರೆ ನಡೆದಿದೆಯೇ ಇಲ್ಲವೇ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗಬೇಕು.

ಏನನ್ನು ಕೇಳಬಾರದು?

ಧರ್ಮ, ಜಾತಿ, ವಿವಾಹ, ಆರೋಗ್ಯ, ಮನೆಯ ವಿಳಾಸ, ಸಂಬಳ. ಇವು ಶಿಕ್ಷಕರ ಖಾಸಗಿ ವಿಷಯಗಳು. ಪರಿಚಯ ಪತ್ರದಲ್ಲಿ ತಮ್ಮ ಆಸಕ್ತಿಗಳನ್ನು ಬರೆಯಬೇಕೋ ಬೇಡವೋ ಎಂಬುದನ್ನೂ ಅವರೇ ನಿರ್ಧರಿಸಬೇಕು.

ಭೇಟಿಯ ಹತ್ತು ನಿಮಿಷದಲ್ಲಿ ಶಿಕ್ಷಕರನ್ನು ಅರಿಯಲು ಯಾವ ಪ್ರಶ್ನೆ ಒಳ್ಳೆಯದು?

ಇತ್ತೀಚೆಗೆ ತರಗತಿಯಲ್ಲಿ ಯಾವ ಮಗು ನಿಮ್ಮನ್ನು ಅಚ್ಚರಿಗೊಳಿಸಿತು ಎಂದು ಕೇಳಿ. ಹೆಸರು ಹೇಳುವ ಅಗತ್ಯವಿಲ್ಲ. ಮಕ್ಕಳನ್ನು ನಿಜವಾಗಿ ನೋಡುತ್ತಿರುವವರು ಕೂಡಲೇ ಒಂದು ಸಣ್ಣ ಘಟನೆಯನ್ನು ವಿವರವಾಗಿ ಹೇಳುತ್ತಾರೆ, ಹೇಳುತ್ತಾ ಅವರ ದನಿಯೇ ಬದಲಾಗುತ್ತದೆ. ಎಲ್ಲ ಮಕ್ಕಳೂ ಬಹಳ ಚುರುಕು ಎಂಬ ಉತ್ತರವಷ್ಟೇ ಬಂದರೆ ಇನ್ನೂ ಸ್ವಲ್ಪ ಮಾತಾಡಿಸಿ. ಇತ್ತೀಚೆಗೆ ಏನನ್ನು ಹೊಸದಾಗಿ ಕಲಿಯುತ್ತಿದ್ದೀರಿ ಎಂಬುದೂ ಒಳ್ಳೆಯ ಪ್ರಶ್ನೆ. ಸಾಧ್ಯವಾದರೆ ತರಗತಿ ನಡೆಯುತ್ತಿರುವಾಗ ಸ್ವಲ್ಪ ಹೊತ್ತು ಕುಳಿತು, ಮಗು ಮಾತಾಡುವಾಗ ಶಿಕ್ಷಕಿ ಅದರ ಎತ್ತರಕ್ಕೆ ಬಾಗುತ್ತಾರೆಯೇ, ತೊದಲುತ್ತಿರುವ ಮಗುವಿನ ಮಾತು ಮುಗಿಯುವವರೆಗೂ ಕಾಯುತ್ತಾರೆಯೇ ಎಂಬುದನ್ನು ಗಮನಿಸಿ.

ವರ್ಷದ ನಡುವೆ ಶಿಕ್ಷಕಿ ಬದಲಾದರೆ ಏನು ಮಾಡಬೇಕು?

ಮಗುವಿಗೆ ಮುಂಚಿತವಾಗಿ, ನಿಜವನ್ನೇ ಹೇಳಿ. ನಾಳೆ ಬರುತ್ತಾರೆ ಎಂದು ದಿನ ತಳ್ಳಬೇಡಿ. ಹೊಸ ಶಿಕ್ಷಕಿ ಕೆಲವು ದಿನ ಹಳೆಯ ಶಿಕ್ಷಕಿಯ ಜೊತೆಗೇ ತರಗತಿಯಲ್ಲಿರುವ ವ್ಯವಸ್ಥೆ ಮಾಡಿ ಎಂದು ಸಂಸ್ಥೆಯನ್ನು ಕೋರಿ. ಹಳೆಯ ಶಿಕ್ಷಕಿ ಬರೆದಿಟ್ಟ ಟಿಪ್ಪಣಿಗಳು ಹೊಸಬರ ಕೈಸೇರಿವೆಯೇ ಎಂದು ವಿಚಾರಿಸಿ. ಯಾವ ಮಗು ನಿದ್ದೆಗೆ ಮುನ್ನ ಏನು ಕೇಳುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬ ಸಣ್ಣ ಸಂಗತಿಗಳು ಅವುಗಳಲ್ಲಿರುತ್ತವೆ. ಹೊಸ ಶಿಕ್ಷಕಿಗೆ ಇಷ್ಟವಾದದ್ದು ಏನೆಂದು ತಿಳಿದುಕೊಂಡು ಅದನ್ನು ಮನೆಯಲ್ಲಿ ಮಗುವಿಗೆ ಹೇಳಿ. ಅವರಿಗೂ ಹಕ್ಕಿಗಳೆಂದರೆ ಇಷ್ಟವಂತೆ ಎಂಬ ಒಂದು ಮಾತಿದ್ದರೆ ಮೊದಲ ದಿನ ಇಬ್ಬರಿಗೂ ಮಾತಿಗೆ ವಿಷಯ ಸಿಗುತ್ತದೆ. ಕೆಲವು ಮಕ್ಕಳು ಒಂದೆರಡು ವಾರ ಅಳಬಹುದು, ಬಿಟ್ಟಿದ್ದ ಹಳೆಯ ಅಭ್ಯಾಸಗಳಿಗೆ ಮರಳಬಹುದು. ಅದು ತಿಂಗಳು ದಾಟಿಯೂ ಮುಂದುವರಿದರೆ ಶಿಕ್ಷಕಿಯೊಡನೆ ಕುಳಿತು ಮಾತಾಡಿ.